ಅಘನಾಶಿನಿ: ಘಟ್ಟದ ಅಂಚಿನಿಂದ ಗಜನಿಯವರೆಗೆ

ಉತ್ತರ ಕನ್ನಡ ಜಿಲ್ಲೆಯ ಶಿರಸಿ ಪೇಟೆ ಮೂರು ನದಿಗಳ ಜಲಾನಯನ ಪ್ರದೇಶಗಳು ಒಂದನ್ನೊಂದು ತಾಗುವ ಎತ್ತರದ ನೆಲದಲ್ಲಿದೆ. ಜಲಾನಯನ ಪ್ರದೇಶವೆಂದರೆ ಒಂದು ನದಿಗೆ ನೀರು ಒದಗಿಸುವ ಅಷ್ಟೂ ನೆಲ. ಅದರ ಮೇಲೆ ಎಲ್ಲಿ ಮಳೆ ಬಿದ್ದರೂ ಆ ನೀರು ಹಳ್ಳ ಹಿಡಿದು ಕೊನೆಗೆ ಅದೇ ನದಿಯನ್ನು ಸೇರುತ್ತದೆ. ಶಿರಸಿಯ ಪೂರ್ವಕ್ಕೆ ಬಿದ್ದ ಮಳೆ ಬನವಾಸಿಯನ್ನು ಬಳಸಿ ಹರಿಯುವ ವರದೆಗೆ ಇಳಿದು, ಅಲ್ಲಿಂದ ತುಂಗಭದ್ರೆಯನ್ನೂ ಕೃಷ್ಣೆಯನ್ನೂ ಕೂಡಿಕೊಂಡು, ದಖ್ಖನ್ನಿನ ಬಯಲನ್ನೆಲ್ಲ ದಾಟಿ ಬಂಗಾಳ ಕೊಲ್ಲಿಯನ್ನು ಮುಟ್ಟುತ್ತದೆ. ಉತ್ತರದ ಕಡೆಗೆ ಬಿದ್ದದ್ದು ಶಾಲ್ಮಲೆಯ ಪಾಲಾಗಿ, ಮೇಲೆ ಬೇಡ್ತಿಯೆಂದೂ ಕೆಳಗೆ ಗಂಗಾವಳಿಯೆಂದೂ ಕರೆಸಿಕೊಳ್ಳುವ ನದಿಯ ಮೂಲಕ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಉಳಿದದ್ದು ದಕ್ಷಿಣಕ್ಕೂ ನೈಋತ್ಯಕ್ಕೂ ಜಾರಿ ಅಘನಾಶಿನಿಯಾಗುತ್ತದೆ. ಒಂದೇ ಮೋಡದಿಂದ ಉದುರಿದ ಎರಡು ಹನಿಗಳಲ್ಲಿ ಒಂದು ಕೆಲವೇ ದಿನಗಳಲ್ಲಿ ಕಡಲು ಕಾಣುವುದು, ಇನ್ನೊಂದು ನಾಲ್ಕಾರು ಜಿಲ್ಲೆಗಳನ್ನೂ ಮೂರು ರಾಜ್ಯಗಳನ್ನೂ ಸುತ್ತಿಬರುವುದು, ಅವು ಬಿದ್ದ ದಿಬ್ಬದ ಯಾವ ಮಗ್ಗುಲು ಯಾವ ಕಡೆಗೆ ಓಡಿದೆ ಎಂಬುದರ ಮೇಲೆ ನಿಂತಿದೆ.

ಈ ಮೂರರಲ್ಲಿ ಅಘನಾಶಿನಿಯದೇ ಅತಿ ಚಿಕ್ಕ ಬದುಕು. ಅದರ ಉದ್ದ ಸುಮಾರು 120 ಕಿ.ಮೀ., ಜಲಾನಯನ ಪ್ರದೇಶ ಸುಮಾರು 1,400 ಚದರ ಕಿ.ಮೀ.; ಕೃಷ್ಣೆಯ ಜಲಾನಯನ ಪ್ರದೇಶ ಎರಡೂವರೆ ಲಕ್ಷ ಚದರ ಕಿ.ಮೀ.ಗೂ ಹೆಚ್ಚೆಂಬುದನ್ನು ನೆನೆದರೆ ಇದು ನದಿಯೆನ್ನುವುದಕ್ಕಿಂತ ದೊಡ್ಡದೊಂದು ಹೊಳೆಯೆಂದರೂ ಸಲ್ಲುತ್ತದೆ, ಮತ್ತು ದಡದ ಜನ ಅದನ್ನು ಕರೆಯುವುದೂ ಹೊಳೆಯೆಂದೇ. ಇದಕ್ಕೆ ಎರಡು ಮೂಲಗಳನ್ನು ಹೇಳುವ ರೂಢಿಯಿದೆ. ಒಂದು ಶಿರಸಿ ಪೇಟೆಯ ನಡುವೆಯೇ ಇರುವ ಶಂಕರಹೊಂಡ. ಅಲ್ಲಿಂದ ಹೊರಡುವ ನೀರಿಗೆ ದೋಣಿಹಳ್ಳವೆಂದು ಹೆಸರು. ಇನ್ನೊಂದು ವೆಂಕಟರಮಣನ ದೇವಾಲಯದಿಂದ ಹೆಸರಾದ ಮಂಜುಗುಣಿ. ಅಲ್ಲಿಯದು ಬಾಕೂರು ಹೊಳೆ. ಇವೆರಡೂ ಮುತ್ತಿನಕೆರೆಯ ಬಳಿ ಕೂಡಿದ ಮೇಲೆ ನದಿಗೆ ಅದರ ಪೂರ್ಣ ಹೆಸರು ಒದಗುತ್ತದೆ. ‘ಅಘ’ವೆಂದರೆ ಪಾಪ, ಅದನ್ನು ನಾಶಮಾಡುವವಳು ಅಘನಾಶಿನಿ ಎಂಬ ಸಂಸ್ಕೃತದ ಹೆಸರು ಪುರಾಣಕ್ಕೂ ತೀರ್ಥಕ್ಕೂ ಸಂಬಂಧಿಸಿದ್ದು, ಬ್ರಿಟಿಷರ ಕಾಲದ ದಾಖಲೆಗಳಾದರೋ ಇದನ್ನು ಮುಖದ ಬಳಿಯ ಊರಿನ ಹೆಸರಿನಿಂದ ತದಡಿ ನದಿಯೆಂದೇ ಬರೆದುಕೊಂಡಿವೆ. ನದಿ ಕಡಲು ಸೇರುವ ಅಳಿವೆಯ ಒಂದು ದಡದಲ್ಲಿ ತದಡಿ, ಎದುರು ದಡದಲ್ಲಿ ಅಘನಾಶಿನಿ ಎಂಬ ಊರೇ ಇರುವುದರಿಂದ ಎರಡು ಹೆಸರುಗಳೂ ಇಂದಿಗೂ ಎದುರುಬದುರು ನಿಂತುಕೊಂಡಿವೆ.

ಚಿಕ್ಕದಾದರೂ ಈ ನದಿಗೆ ಇರುವ ಒಂದು ವಿಶೇಷ, ಅದರ ಇಕ್ಕೆಲದ ದೊಡ್ಡ ನದಿಗಳಿಗೆ ಇಲ್ಲ. ಉತ್ತರಕ್ಕಿರುವ ಕಾಳಿ ನದಿಯನ್ನು ಸೂಪಾದಿಂದ ಕದ್ರಾದವರೆಗೆ ಸಾಲು ಅಣೆಕಟ್ಟುಗಳು ತುಂಡರಿಸಿವೆ. ದಕ್ಷಿಣದ ಶರಾವತಿಯನ್ನು ಲಿಂಗನಮಕ್ಕಿ ಒಂದು ಕಡೆ, ಗೇರುಸೊಪ್ಪೆ ಇನ್ನೊಂದು ಕಡೆ ಹಿಡಿದಿಟ್ಟಿವೆ. ಅಘನಾಶಿನಿಗೆ ಅಡ್ಡಲಾಗಿ ಮೂಲದಿಂದ ಮುಖದವರೆಗೆ ಒಂದೇ ಒಂದು ದೊಡ್ಡ ಅಣೆಕಟ್ಟಿಲ್ಲ. ಹೀಗಾಗಿ ಮಳೆ ಎಷ್ಟು ಸುರಿಯಿತೋ, ಕಾಡು ಎಷ್ಟು ಹಿಡಿದಿಟ್ಟುಕೊಂಡಿತೋ, ಅದಷ್ಟೇ ಲೆಕ್ಕದಲ್ಲಿ ಅದು ಇಂದಿಗೂ ಏರುತ್ತದೆ, ಇಳಿಯುತ್ತದೆ. ಪಶ್ಚಿಮಕ್ಕೆ ಹರಿಯುವ ನದಿಯ ಮಾತು ಬಂದಾಗಲೆಲ್ಲ ‘ವ್ಯರ್ಥವಾಗಿ ಸಮುದ್ರ ಸೇರುವ ನೀರು’ ಎಂಬ ನುಡಿ ವಿಧಾನಸೌಧದಿಂದ ಊರಕಟ್ಟೆಯವರೆಗೆ ಕೇಳಿಬರುತ್ತದೆ. ಆ ನುಡಿ ಎಷ್ಟರಮಟ್ಟಿಗೆ ಸರಿಯೆಂದು ಪರೀಕ್ಷಿಸುವುದಕ್ಕೆ ಅಘನಾಶಿನಿಗಿಂತ ತಕ್ಕ ನದಿ ಕರ್ನಾಟಕದಲ್ಲಿ ಸಿಗುವುದು ಕಷ್ಟ. ಏಕೆಂದರೆ ಸಮುದ್ರ ಸೇರುವ ನೀರು ಸೇರುವ ಮೊದಲು ಏನೇನು ಮಾಡುತ್ತದೆ ಎಂಬುದು ಇಲ್ಲಿ ಇನ್ನೂ ಕಣ್ಣಿಗೆ ಕಾಣುವಂತಿದೆ.

ನದಿಯ ಸ್ವಭಾವವನ್ನು ತಿಳಿಯಬೇಕಾದರೆ ಮೊದಲು ಅದರ ಇಳುಕಲನ್ನು ನೋಡಬೇಕು. ಶಿರಸಿ ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರವನ್ನು ನದಿ ಒಂದೇ ಸಮನಾಗಿ ಇಳಿಯುವುದಿಲ್ಲ. ಮೊದಲು ಮಲೆನಾಡಿನ ಗುಡ್ಡಗಳ ನಡುವೆ ಅಡಿಕೆ ತೋಟಗಳನ್ನೂ ಗದ್ದೆಗಳನ್ನೂ ಸವರಿಕೊಂಡು ಸಾವಧಾನವಾಗಿ ಬಂದು, ಘಟ್ಟದ ಅಂಚು ತಲುಪುತ್ತಲೇ ಒಮ್ಮೆಲೇ ಧುಮುಕಿ, ಆಳವಾದ ಕೊರಕಲಿನಲ್ಲಿ ಬಂಡೆಗಳ ಮೇಲೆ ಉರುಳಾಡಿ, ಕೊನೆಯ ಇಪ್ಪತ್ತೈದು ಕಿಲೋಮೀಟರಿನಲ್ಲಿ ಇಳುಕಲೆಂಬುದೇ ಇಲ್ಲದ ಹಾಗೆ ಮಟ್ಟಸವಾಗಿ ಹರಡಿಕೊಳ್ಳುತ್ತದೆ. ಈ ಮೂರು ಭಾಗಗಳಲ್ಲಿ ಅದು ಮೂರು ಬೇರೆ ನದಿಗಳೇ ಎನ್ನುವಷ್ಟು ಬೇರೆಯಾಗಿ ಕಾಣುತ್ತದೆ.

ಘಟ್ಟದ ಪಶ್ಚಿಮ ಮಗ್ಗುಲು ಇಷ್ಟು ಕಡಿದಾಗಿರುವುದರ ಕಾರಣ ಬಹಳ ಹಿಂದಿನದು. ಭಾರತದ ಭೂಭಾಗ ಒಂದು ಕಾಲಕ್ಕೆ ಮಡಗಾಸ್ಕರ್‌ಗೆ ಅಂಟಿಕೊಂಡಿತ್ತು; ಸುಮಾರು 9 ಕೋಟಿ ವರ್ಷಗಳ ಹಿಂದೆ ಅವೆರಡೂ ಬೇರ್ಪಟ್ಟಾಗ ಬಿರಿದ ಅಂಚೇ ಇಂದಿನ ಪಶ್ಚಿಮ ಕರಾವಳಿಯ ಮೂಲ ರೂಪ. ಆ ಬಿರಿದ ಅಂಚು ಮಳೆಗೂ ಹೊಳೆಗಳಿಗೂ ಸವೆಯುತ್ತ ಸ್ವಲ್ಪಸ್ವಲ್ಪವಾಗಿ ಪೂರ್ವಕ್ಕೆ ಹಿಂದೆ ಸರಿದಿದೆ. ನದಿಯೊಂದು ತಾನು ಹರಿಯುವ ದಿಕ್ಕಿಗೆ ವಿರುದ್ಧವಾಗಿ, ತನ್ನ ತಲೆಯ ಕಡೆಯ ನೆಲವನ್ನೇ ಕೊರೆಯುತ್ತ ಹಿಂದಕ್ಕೆ ಬೆಳೆಯುವುದನ್ನು ಭೂವಿಜ್ಞಾನಿಗಳು ಹಿಮ್ಮುಖ ಕೊರೆತವೆನ್ನುತ್ತಾರೆ. ಪೂರ್ವಕ್ಕೆ ಹರಿಯುವ ವರದೆಯ ಇಳುಕಲು ಮೆಲುವಾದದ್ದು. ಅದರ ಕೊರೆಯುವ ಶಕ್ತಿಯೂ ಅಷ್ಟಕ್ಕಷ್ಟೆ. ಅಘನಾಶಿನಿಯಂಥವು ಕಡಿದಾದ ಮಗ್ಗುಲಲ್ಲಿ, ಅದೂ ಮುಂಗಾರಿನ ನೇರ ಹೊಡೆತಕ್ಕೆ ಒಡ್ಡಿಕೊಂಡು ಹರಿಯುವುದರಿಂದ ಅವುಗಳ ಹಲ್ಲು ಹರಿತ. ಮನುಷ್ಯನ ಕಾಲಮಾನದಲ್ಲಿ ಇದು ಗಮನಕ್ಕೆ ಬರುವಂಥದಲ್ಲ, ಆದರೆ ಜಲಾನಯನಗಳ ಗಡಿ ಇಂದಿಗೂ ಪೂರ್ವದ ಕಡೆಗೇ ಕದಲುತ್ತಿದೆ.

ಆ ಕೊರೆತದ ಈಗಿನ ಮುಂಚೂಣಿ ಉಂಚಳ್ಳಿ. ಸಿದ್ದಾಪುರ ತಾಲ್ಲೂಕಿನ ಹೆಗ್ಗರಣೆಯ ಸಮೀಪ ನದಿ 116 ಮೀಟರ್ ಕೆಳಕ್ಕೆ ಬೀಳುತ್ತದೆ. 1845ರಲ್ಲಿ ಇದನ್ನು ದಾಖಲಿಸಿದ ಬ್ರಿಟಿಷ್ ಕಲೆಕ್ಟರ್ ಜೆ. ಡಿ. ಲಷಿಂಗ್‌ಟನ್‌ನ ಹೆಸರು ಇಂಗ್ಲಿಷ್ ಪುಸ್ತಕಗಳಲ್ಲಿ ಇದಕ್ಕೆ ಅಂಟಿಕೊಂಡಿತು. ಊರವರಿಗೆ ಮಾತ್ರ ಇದು ಕೆಪ್ಪ ಜೋಗ, ಹತ್ತಿರ ನಿಂತವರ ಕಿವಿ ಕೆಪ್ಪಾಗಿಸುವ ಜೋಗ. ಕಂಡುಹಿಡಿದವನ ಹೆಸರಿಗಿಂತ ಕೇಳಿಸಿಕೊಂಡವರ ಹೆಸರು ಹೆಚ್ಚು ನಿಖರವಾಗಿದೆ. ಶರಾವತಿಯ ಜೋಗದಲ್ಲಿ ನೀರು ಬೀಳುವುದಕ್ಕೆ ಈಗ ಅಣೆಕಟ್ಟಿನ ಅಪ್ಪಣೆ ಬೇಕು, ಉಂಚಳ್ಳಿಯಲ್ಲಿ ಮಳೆಯದಷ್ಟೇ ಅಪ್ಪಣೆ ಸಾಕು. ಉಪನದಿಗಳೂ ಇದೇ ಅಂಚಿನಿಂದ ಇಳಿಯಬೇಕಾದ್ದರಿಂದ ಈ ಕಣಿವೆಯ ಸುತ್ತ ಜಲಪಾತಗಳಿಗೆ ಬರವಿಲ್ಲ: ಬಿಳಗಿಯ ಕಡೆಯ ಬುರುಡೆ ಜೋಗ, ದೇವಿಮನೆ ಘಟ್ಟದ ಪಕ್ಕದ ಬೆಣ್ಣೆಹೊಳೆ, ಇನ್ನು ಮಳೆಗಾಲದಲ್ಲಷ್ಟೇ ಹುಟ್ಟಿ ಹೆಸರಿಲ್ಲದೆ ಬತ್ತುವ ಅಬ್ಬಿಗಳು ಎಷ್ಟೋ.

ಉಂಚಳ್ಳಿಯ ಕೆಳಗಿನ ಕಣಿವೆಯನ್ನು ದುರ್ಗಮವೆನ್ನುವುದು ಅಲಂಕಾರದ ಮಾತಲ್ಲ. ಘಟ್ಟದ ಮೇಲಿಂದ ಕುಮಟಾಕ್ಕೆ ಇಳಿಯುವ ಎರಡು ಮುಖ್ಯ ರಸ್ತೆಗಳಲ್ಲಿ ಒಂದು ದೇವಿಮನೆ ಘಟ್ಟವನ್ನು, ಇನ್ನೊಂದು ದೊಡ್ಮನೆ ಘಟ್ಟವನ್ನು ಹಿಡಿದು ಸಾಗುತ್ತವೆ. ನದಿಯ ಕೊರಕಲನ್ನು ಎರಡೂ ತಪ್ಪಿಸಿಕೊಂಡಿವೆ. ಸಾಮಾನ್ಯವಾಗಿ ರಸ್ತೆ ನದಿಯ ಬೆನ್ನು ಹತ್ತಿ ಬೆಟ್ಟ ಇಳಿಯುತ್ತದೆ, ಇಲ್ಲಿ ನದಿಯ ದಾರಿ ರಸ್ತೆಗೆ ಒಗ್ಗಲಿಲ್ಲ. ಮನೆಗಳು ಒಂದೆರಡರಂತೆ ಬೆಟ್ಟದ ಬುಡಗಳಲ್ಲಿ ಚದುರಿಕೊಂಡಿದ್ದು, ಹಳ್ಳ ದಾಟಲು ಅಡಿಕೆ ಮರ ಇಲ್ಲವೆ ಕಾಡುಮರದ ದಿಮ್ಮಿಗಳನ್ನು ಅಡ್ಡ ಹಾಕಿ ಕಟ್ಟಿದ ಕಾಲುಸಂಕಗಳೇ ಮಳೆಗಾಲದಲ್ಲಿ ಎಷ್ಟೋ ಕಡೆ ಹೊರಜಗತ್ತಿನ ಕೊಂಡಿ.

ಈ ಮೇಲ್ಭಾಗದಲ್ಲಿ ವರ್ಷಕ್ಕೆ 2,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ, ಮತ್ತು ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ಇಷ್ಟು ಕಡಿದಾದ ಇಳುಕಲಿನಲ್ಲಿ ಬಿದ್ದ ಮಳೆ ನವೆಂಬರ್ ಹೊತ್ತಿಗೆ ಪೂರ್ತಿ ಹರಿದುಹೋಗಿ ಹೊಳೆ ಒಣಗಬೇಕಿತ್ತು. ಹಾಗಾಗದೆ ಏಪ್ರಿಲ್‌ನಲ್ಲೂ ಹೊಳೆಯಲ್ಲಿ ನೀರಿರುವುದಕ್ಕೆ ಕಾಡು ಕಾರಣ. ದರಕಿನ, ಅಂದರೆ ಉದುರಿದ ಒಣ ಎಲೆಗಳ, ದಪ್ಪನಾದ ಹಾಸು, ಬೇರುಗಳು ಬಿಡಿಸಿಟ್ಟ ಸಡಿಲ ಮಣ್ಣು, ಅದರ ಕೆಳಗಿನ ರಂಧ್ರಮಯ ಜಂಬಿಟ್ಟಿಗೆ ಕಲ್ಲು, ಇವೆಲ್ಲ ಮಳೆಯನ್ನು ಕುಡಿದು ತಿಂಗಳುಗಟ್ಟಲೆ ಒಸರುಗಳಾಗಿ ಬಿಟ್ಟುಕೊಡುತ್ತವೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಉತ್ತರ ಕನ್ನಡದ ಹಳ್ಳಗಳನ್ನು ಹೋಲಿಸಿ ನೋಡಿದಾಗ, ಜಲಾನಯನದ ಶೇ. 60ಕ್ಕಿಂತ ಹೆಚ್ಚು ಭಾಗದಲ್ಲಿ ಸ್ಥಳೀಯ ಜಾತಿಯ ಮರಗಳಿರುವ ಹಳ್ಳಗಳು ವರ್ಷವಿಡೀ ಹರಿಯುತ್ತವೆಂದೂ, ಏಕಜಾತಿಯ ನೆಡುತೋಪುಗಳು ಹೆಚ್ಚಿರುವ ಕಡೆ ಮಳೆ ನಿಂತ ಕೆಲ ತಿಂಗಳಿಗೇ ಬತ್ತುತ್ತವೆಂದೂ ಕಂಡುಬಂತು. ಅಣೆಕಟ್ಟಿಲ್ಲದ ನದಿಯೆಂದಾಗ ನೀರು ಹಿಡಿದಿಡುವ ಏರ್ಪಾಡೇ ಇಲ್ಲವೆಂದಲ್ಲ. ಅದು ಕಾಂಕ್ರೀಟಿನದಲ್ಲ ಅಷ್ಟೆ.

ಇಲ್ಲಿಯ ಜನ ಕಾಡನ್ನು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಹಳಬರು ಕಡಿಯದೆ ಕಾದುಕೊಂಡು ಬಂದ, ಹಗಲಿಗೂ ಕತ್ತಲು ಕವಿದ ನಿತ್ಯಹರಿದ್ವರ್ಣ ಕಾಡು ‘ಕಾನು’. ಅಡಿಕೆ ತೋಟಕ್ಕೆ ಸೊಪ್ಪು, ದರಕು ತರಲು ಬಿಟ್ಟ ಗುಡ್ಡ ‘ಸೊಪ್ಪಿನ ಬೆಟ್ಟ’. ಬ್ರಿಟಿಷರ ಕಾಲದಿಂದ ಬಂದ ವ್ಯವಸ್ಥೆಯಂತೆ ಘಟ್ಟದ ಮೇಲಿನ ಒಂದು ಎಕರೆ ತೋಟಕ್ಕೆ 9 ಎಕರೆಯವರೆಗೆ ಬೆಟ್ಟ ಬಿಡಲಾಗಿದೆ. ಹೊರಗಿನವರಿಗೆ ಇದು ಅತಿ ಉದಾರವೆನಿಸಬಹುದು. ಆದರೆ ತೋಟಗಳಿರುವುದು ಕಣಿವೆಯ ತಳದ ಇಕ್ಕಟ್ಟಿನಲ್ಲಿ, ಎಡಬಲದ ಬೆಟ್ಟಗಳ ನೀರೆಲ್ಲ ಇಳಿದುಬರುವ ಜಾಗದಲ್ಲಿ. ಬೆಟ್ಟ ಬೋಳಾದರೆ ತೋಟಕ್ಕೆ ಮೊದಲು ಕಲ್ಲುಮಣ್ಣು ಬರುತ್ತದೆ, ಆಮೇಲೆ ನೀರೇ ಬರುವುದಿಲ್ಲ. ತೋಟದೊಳಗೆ ಸಾಲುಸಾಲಿಗೆ ತೋಡಿದ ಕಾದಿಗೆಗಳು ಮಳೆಗಾಲದ ಹೆಚ್ಚಿನ ನೀರನ್ನು ಹಳ್ಳಕ್ಕೆ ಬಸಿಯುತ್ತವೆ. ಬೇಸಗೆಯಲ್ಲಿ ಅವೇ ತಂಪು ಹಿಡಿಯುತ್ತವೆ. ಮಳೆ ಹಿಡಿಯುವ ಮುನ್ನ ಅಡಿಕೆ ಮರ ಹತ್ತುವ ಕಸುಬಿನ ಕೊನೆಗೌಡ ಮರದಿಂದ ಮರಕ್ಕೆ ದಾಟಿಕೊಂಡು ಅಡಿಕೆ ಕೊನೆಗಳಿಗೆ ಮಳೆ ತಡೆಯುವ ಕೊಟ್ಟೆ ಕಟ್ಟುವುದು, ಮದ್ದು ಹೊಡೆಯುವುದು, ಇವೂ ಇದೇ ಮಳೆಯ ಲೆಕ್ಕಾಚಾರದ ಭಾಗ. ಕೊನೆಗೆ ಎಡೆಬಿಡದೆ ನೀರು ತಗಲಿದರೆ ಕೊಳೆ ರೋಗ ಬಂದು ಹಸಿ ಅಡಿಕೆ ಉದುರಿಹೋಗುತ್ತದೆ. ಈ ಕಣಿವೆಯಲ್ಲಿ ಮಳೆ ಸಂಪತ್ತೂ ಹೌದು, ಸಂಕಟವೂ ಹೌದು.

ಕಾನುಗಳ ತಳದಲ್ಲಿ, ತೊರೆಗಳು ಜವುಗಾಗಿ ಹರಡಿಕೊಳ್ಳುವ ಕಡೆ, ರಾಮಪತ್ರೆ ಜಡ್ಡಿಗಳಿವೆ. ಜಾಯಿಕಾಯಿಯ ಬಳಗಕ್ಕೆ ಸೇರಿದ ರಾಮಪತ್ರೆಯ ಮರಗಳು ಸದಾ ನೀರು ನಿಂತ ಕೆಸರಿನಲ್ಲಿ ಬೆಳೆಯುವುದರಿಂದ ಅವುಗಳ ಬೇರುಗಳಿಗೆ ಗಾಳಿ ಸಾಲದು. ಆ ಕೊರತೆ ನೀಗಲು ಬೇರು ಕೆಸರಿನಿಂದ ಮೇಲೆದ್ದು, ಮಡಿಸಿದ ಮೊಣಕಾಲಿನಂತೆ ಬಾಗಿ, ಮತ್ತೆ ಕೆಸರಿಗೆ ಇಳಿಯುತ್ತದೆ. ಇಂಥ ಜಡ್ಡಿಗಳು ಪಶ್ಚಿಮ ಘಟ್ಟದ ಅತಿ ಹಳೆಯ ಬಗೆಯ ಕಾಡಿನ ಉಳಿಕೆಗಳು. ಇವುಗಳ ಮೇಲಿನ ಮರಚಾವಣಿಯಲ್ಲಿ ಸಿಂಗಳೀಕವಿದೆ. ಮುಖದ ಸುತ್ತ ಬೂದುಬಣ್ಣದ ಕೇಸರವಿರುವ, ನೆಲಕ್ಕಿಳಿಯಲು ಹಿಂಜರಿಯುವ ಈ ಕಪ್ಪು ಮಂಗನ ಕುಲ ಜಗತ್ತಿನಲ್ಲಿ ಪಶ್ಚಿಮ ಘಟ್ಟದಲ್ಲಷ್ಟೇ ಇದ್ದು, ಅದರ ಉತ್ತರದ ತುದಿಯ ದೊಡ್ಡ ನೆಲೆ ಶಿರಸಿ, ಸಿದ್ದಾಪುರ, ಹೊನ್ನಾವರಗಳ ಕಾಡುಗಳಲ್ಲಿದೆ. 2011ರಲ್ಲಿ ಸರ್ಕಾರ ಸುಮಾರು 300 ಚದರ ಕಿ.ಮೀ. ಕಾಡನ್ನು ಅಘನಾಶಿನಿ ಸಿಂಗಳೀಕ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. 2019ರಲ್ಲಿ ಅದು ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ ಲೀನವಾಯಿತು.

ಕೊರಕಲು ಮುಗಿದು ಬೆಟ್ಟಗಳು ಹಿಂದೆ ಸರಿಯುವಲ್ಲಿ ಉಪ್ಪಿನಪಟ್ಟಣವಿದೆ. ಯಾಣದ ಕಪ್ಪು ಸುಣ್ಣಕಲ್ಲಿನ ಶಿಖರಗಳ ಕಡೆಯಿಂದ ಬರುವ ಚಂಡಿಕಾ ಹೊಳೆ ನದಿಯನ್ನು ಕೂಡುವುದು ಇಲ್ಲೇ. ಸಮುದ್ರದ ಭರತ ಮೇಲಕ್ಕೇರಿ ನಿಲ್ಲುವುದೂ ಸುಮಾರಾಗಿ ಇಲ್ಲಿಯವರೆಗೇ. ಹೆಸರಿಗೂ ನೀರಿನ ರುಚಿಗೂ ಸಂಬಂಧ ಕಲ್ಪಿಸುವ ಆಸೆ ಯಾರಿಗಾದರೂ ಬರುವಂಥದು. ಸಮುದ್ರ ಇಲ್ಲಿಂದ 25 ಕಿ.ಮೀ.ಯಷ್ಟು ದೂರವಿದ್ದರೂ ಅದರ ಉಸಿರಾಟ ದಿನಕ್ಕೆ ಎರಡು ಬಾರಿ ಈವರೆಗೆ ತಾಗುತ್ತದೆ. ಮಳೆಗಾಲದಲ್ಲಿ ಕತಗಾಲದ ಬಳಿ ಚಂಡಿಕಾ ಹೊಳೆ ಉಕ್ಕಿ ಶಿರಸಿ–ಕುಮಟಾ ರಸ್ತೆಯ ಮೇಲೆ ನೀರು ನಿಂತು ಬಸ್ಸು ಬಂದ್ ಆಗುವುದು ಆ ಭಾಗದ ಪತ್ರಿಕೆಗಳಲ್ಲಿ ಮರುಕಳಿಸುವ ಸುದ್ದಿ. ಘಟ್ಟದಿಂದ ಒಮ್ಮೆಲೇ ಇಳಿದುಬರುವ ನೀರಿಗೆ ಇಲ್ಲಿ ಮುಂದೆ ಜಾರುವ ಇಳುಕಲೇ ಉಳಿದಿರುವುದಿಲ್ಲ. ಆ ಹೊತ್ತಿಗೆ ಕೆಳಗೆ ಭರತವೂ ಏರಿದ್ದರೆ ನೀರು ಹೋಗಲು ಜಾಗವಿಲ್ಲದೆ ಪಕ್ಕಕ್ಕೆ ಹರಡುತ್ತದೆ.

ನದಿಯೂ ಕಡಲೂ ಬೆರೆಯುವ ಈ ಕೊನೆಯ ಭಾಗವೇ ಅಳಿವೆ. ಪೂರ್ವಕ್ಕೆ ಹರಿಯುವ ಗೋದಾವರಿ, ಕೃಷ್ಣೆಗಳು ಸಮುದ್ರದ ಬಾಯಲ್ಲಿ ಹೂಳು ತುಂಬಿ ವಿಶಾಲವಾದ ನದೀಮುಖಜ ಭೂಮಿಗಳನ್ನು ಕಟ್ಟಿವೆ. ಪಶ್ಚಿಮದ ನದಿಗಳು ಅಂಥದನ್ನು ಕಟ್ಟಲಿಲ್ಲ. ಅವು ಗಿಡ್ಡ, ಕಾಡಿನಿಂದ ಬರುವುದರಿಂದ ಹೂಳೂ ಕಡಿಮೆ, ತಂದದ್ದನ್ನು ಮುಂಗಾರಿನ ಅಲೆಗಳು ನಿಲ್ಲಗೊಡುವುದೂ ಇಲ್ಲ. ಇದರ ಮೇಲೆ, ಕೊನೆಯ ಹಿಮಯುಗ ಮುಗಿದು ಹಿಮ ಕರಗಿ ಸಮುದ್ರಮಟ್ಟ ಏರಿದಾಗ ಇಲ್ಲಿಯ ನದಿಕಣಿವೆಗಳ ಕೆಳತುದಿಗಳು ಮುಳುಗಿಹೋದವು. ಅಂದರೆ ಇಂದು ತದಡಿಯಲ್ಲಿ ಕಾಣುವ ಅಗಲವಾದ ನೀರು ಒಂದು ಲೆಕ್ಕದಲ್ಲಿ ಸಮುದ್ರವೇ. ನದಿ ಹಿಂದೆಂದೋ ಕೊರೆದಿಟ್ಟ ಕಣಿವೆಯೊಳಕ್ಕೆ ಅದು ಕಾಲಿಟ್ಟು ಕೂತಿದೆ. ಈ ನೀರಿನ ನಡುವೆ ಐಗಳಕುರ್ವೆ, ಮಾಸೂರುಕುರ್ವೆಗಳಂಥ ನಡುಗಡ್ಡೆಗಳಿವೆ. ಹೊಳೆಯ ನಡುವಿನ ನೆಲಕ್ಕೆ ದಕ್ಷಿಣ ಕನ್ನಡದವರು ಕುದುರು ಎಂದರೆ ಇಲ್ಲಿಯವರು ಕುರ್ವೆ ಎನ್ನುತ್ತಾರೆ. ದಡದ ಮಿರ್ಜಾನದಲ್ಲಿ ಜಂಬಿಟ್ಟಿಗೆಯ ಹಳೆಯ ಕೋಟೆಯಿದೆ. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯಿಂದ ಆಳಿದ, ಪೋರ್ಚುಗೀಸರು ಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಹೆಸರು ಅದರೊಡನೆ ಸೇರಿಕೊಂಡಿದೆ. ಘಟ್ಟದ ತೋಟಗಳ ಕಾಳುಮೆಣಸು ಹಡಗು ಹತ್ತುತ್ತಿದ್ದ ಬಂದರುಗಳಲ್ಲಿ ಇದೂ ಒಂದು.

ಅಳಿವೆಯ ನೀರಿಗೆ ಒಂದೇ ರುಚಿಯಿಲ್ಲ. ಜುಲೈನಲ್ಲಿ ನದಿಯ ರಭಸ ಉಪ್ಪನ್ನು ಬಾಯಿಯಿಂದ ಆಚೆಗೆ ನೂಕಿರುತ್ತದೆ, ಆಗ ತದಡಿಯ ಹತ್ತಿರದ ನೀರೂ ಬಹುಮಟ್ಟಿಗೆ ಸಿಹಿ. ಅಕ್ಟೋಬರ್ ಕಳೆದಂತೆ ಹೊಳೆ ಸೊರಗುತ್ತದೆ. ಭರತದೊಡನೆ ಉಪ್ಪು ದಿನದಿನಕ್ಕೆ ಮೇಲೇರುತ್ತದೆ. ಮೇ ತಿಂಗಳಲ್ಲಿ ಅಳಿವೆಯ ಕೆಳಭಾಗ ಹೆಚ್ಚುಕಡಿಮೆ ಕಡಲಿನಷ್ಟೇ ಉಪ್ಪು. ಭಾರವಾದ ಉಪ್ಪುನೀರು ತಳದಲ್ಲಿ, ಹಗುರವಾದ ಸಿಹಿನೀರು ಮೇಲೆ ಸಾಗುವುದರಿಂದ ಒಂದೇ ಜಾಗದಲ್ಲಿ ಒಂದೇ ಹೊತ್ತಿನಲ್ಲಿ ಎರಡು ಬಗೆಯ ನೀರು ಇರುವುದೂ ಉಂಟು. ಇಂಥ ಏರುಪೇರು ಸಾಮಾನ್ಯ ಬೆಳೆಗೂ ಸಾಮಾನ್ಯ ಜೀವಿಗೂ ಆಗಿಬರುವುದಿಲ್ಲ, ಆಗಿಬರುವವಕ್ಕೆ ಮಾತ್ರ ಇದಕ್ಕಿಂತ ಸೊಂಪಾದ ನೆಲೆ ಬೇರೆಯಿಲ್ಲ. ಏಕೆಂದರೆ ಕಾಡಿನ ಕೊಳೆತ ಎಲೆಯ ಸಾರವನ್ನು ನದಿ ಮೇಲಿನಿಂದಲೂ, ಕಡಲಿನ ಸತ್ವವನ್ನು ಭರತ ಕೆಳಗಿನಿಂದಲೂ ತಂದು ಇಲ್ಲಿ ಸುರಿಯುತ್ತವೆ.

ಈ ಏರುಪೇರನ್ನೇ ಬೇಸಾಯದ ಪದ್ಧತಿಯಾಗಿ ಮಾರ್ಪಡಿಸಿದ್ದು ಗಜನಿ. ಅಳಿವೆಯ ಅಂಚಿನ, ಭರತದ ಮಟ್ಟಕ್ಕಿಂತ ತಗ್ಗಾದ, ಉಪ್ಪುನೀರು ನುಗ್ಗುವ ಗದ್ದೆಗಳಿಗೆ ಈ ಹೆಸರು. ಗದ್ದೆ ಮತ್ತು ಹೊಳೆಯ ನಡುವೆ ಮಣ್ಣಿನ ಒಡ್ಡು, ಒಡ್ಡಿನಲ್ಲಿ ಅಲ್ಲಲ್ಲಿ ನೀರು ಬಿಡುವ, ತಡೆಯುವ ಬಾಗಿಲು. ಆ ಬಾಗಿಲಿಗೆ ಕುಮಟಾ ಸೀಮೆಯಲ್ಲಿ ಜಂತ್ರಡಿ ಎನ್ನುತ್ತಾರೆ. ಮಳೆ ಹಿಡಿಯುವ ಹೊತ್ತಿಗೆ ಒಡ್ಡನ್ನು ಸರಿಪಡಿಸಿ ಜಂತ್ರಡಿ ಮುಚ್ಚಿದರೆ, ಮೊದಲ ಕೆಲವು ವಾರಗಳ ಮಳೆ ಮಣ್ಣಿನ ಉಪ್ಪನ್ನು ತೊಳೆದುಹಾಕುತ್ತದೆ. ಆಗ ಮೊಳಕೆ ಬರಿಸಿದ ಬತ್ತವನ್ನು ನಿಂತ ನೀರಿನಲ್ಲೇ ಎರಚುತ್ತಾರೆ. ಎಲ್ಲ ಬತ್ತವೂ ಇದಕ್ಕೆ ಬಾಳುವುದಿಲ್ಲ. ಬಾಳುವ ತಳಿ ‘ಕಗ್ಗ’.

ಕಗ್ಗದ ಒಂದು ಗಿಡವನ್ನು ಬೇರುಸಹಿತ ಕಿತ್ತು ನೋಡಿದರೆ ಅದು ಅಳಿವೆಯ ನಕ್ಷೆಯಂತೆಯೇ ಇದೆ. ಕಾಂಡ ಆಳೆತ್ತರದ ಸಮೀಪಕ್ಕೆ ಬರುತ್ತದೆ, ಏಕೆಂದರೆ ನೆರೆಯ ನೀರಿನಿಂದ ತಲೆ ಹೊರಗಿಡಬೇಕು. ವಾರಕ್ಕೂ ಮಿಕ್ಕಿ ಮುಳುಗಿದರೂ ಅದು ಸಾಯುವುದಿಲ್ಲ. ಎಲ್ಲೋ ಒಡ್ಡು ಒಡೆದು ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುತ್ತದೆ. ಕಾಳಿನ ತುದಿಗೆ ಉದ್ದನೆಯ ಮುಳ್ಳುಮೀಸೆಯಿರುವುದರಿಂದ ಹಕ್ಕಿಗಳು ಬಾಯಿ ಹಾಕಲು ಅಂಜುತ್ತವೆ. ಹೊಟ್ಟು ಬಿಡಿಸಿದರೆ ಅಕ್ಕಿ ಕೆಂಪು. ಗೊಬ್ಬರ ಹಾಕುವ ಪ್ರಶ್ನೆಯಿಲ್ಲ, ನೆರೆ ತಂದು ಬಿಟ್ಟ ಗೋಡೇ, ಅಂದರೆ ಮೆಕ್ಕಲೇ, ಗೊಬ್ಬರ. ಕೊಯ್ಲಿನಲ್ಲಿ ತೆನೆಯ ಭಾಗವನ್ನಷ್ಟೇ ಕೊಯ್ದು ಉದ್ದನೆಯ ಕೂಳೆಯನ್ನು ನೀರಿನಲ್ಲೇ ಬಿಡುತ್ತಾರೆ. ಸೋಮಾರಿತನದಂತೆ ಕಾಣುವ ಈ ಕೆಲಸದಲ್ಲೇ ಮುಂದಿನ ಬೆಳೆಯ ಗುಟ್ಟಿದೆ. ಬತ್ತ ಮನೆ ಸೇರಿದ ಮೇಲೆ ಜಂತ್ರಡಿ ತೆರೆದಾಗ ಭರತದ ನೀರಿನೊಡನೆ ಸಿಗಡಿಯ, ಮೀನಿನ, ಏಡಿಯ ಮರಿಗಳು ಗದ್ದೆಗೆ ಬಂದು, ಕೊಳೆಯುವ ಕೂಳೆಯನ್ನೂ ಅದರ ಮೇಲೆ ಬೆಳೆಯುವ ಸೂಕ್ಷ್ಮಜೀವಿಗಳನ್ನೂ ತಿಂದು ಬಲಿಯುತ್ತವೆ. ಇಳಿತದ ಹೊತ್ತಿಗೆ ಜಂತ್ರಡಿಯ ಬಾಯಿಗೆ ಬಲೆ ಕಟ್ಟಿದರೆ ಬೆಳೆದದ್ದು ಬಲೆಗೆ, ಮರಿ ಹೊಳೆಗೆ. ಕರಾವಳಿಯವರು ಶೆಟ್ಲಿ ಎನ್ನುವ ಸಿಗಡಿಯ ಈ ಫಸಲನ್ನು ಗಜನಿಯ ರೈತರು ಒಟ್ಟಾಗಿ ಹರಾಜು ಹಾಕಿ ಹಂಚಿಕೊಳ್ಳುವ ಪದ್ಧತಿಯೂ ಇದೆ. ಒಂದೇ ನೆಲದಲ್ಲಿ ಮಳೆಗಾಲಕ್ಕೆ ಅನ್ನ, ಬೇಸಗೆಗೆ ಪದಾರ್ಥ; ಇದನ್ನು ಪಾಳು ನೆಲವೆಂದು ಕಡತಗಳಲ್ಲಿ ಬರೆದವರು ಬಹುಶಃ ಜನವರಿಯಲ್ಲಿ ಬಂದು, ನಿಂತ ನೀರನ್ನು ಮಾತ್ರ ನೋಡಿ ಹೋಗಿರಬೇಕು.

ಈ ಪದ್ಧತಿ ಈಗ ಹಿಂದಿನ ಹುರುಪಿನಲ್ಲಿಲ್ಲ. 1970ರ ದಶಕದಲ್ಲಿ ಸರ್ಕಾರ ಖಾರ್‌ಲ್ಯಾಂಡ್ ಯೋಜನೆಯಡಿ, ಅಂದರೆ ಉಪ್ಪುನೆಲ ರಕ್ಷಣೆಯ ಯೋಜನೆಯಡಿ, ಕಲ್ಲಿನ ಗಟ್ಟಿ ಒಡ್ಡುಗಳನ್ನು ಕಟ್ಟಿಸಿತು. ಉದ್ದೇಶ ಒಳ್ಳೆಯದೇ ಆಗಿತ್ತು. ಆದರೆ ವರ್ಷವರ್ಷ ಊರು ಸೇರಿ ಮಣ್ಣಿನ ಒಡ್ಡು ಕಟ್ಟುವ ಕೆಲಸ ತಪ್ಪಿದ್ದರೊಡನೆ, ಆ ಕೆಲಸ ಕಟ್ಟಿಕೊಟ್ಟಿದ್ದ ಒಗ್ಗಟ್ಟೂ ಸಡಿಲವಾಯಿತು. ಗಟ್ಟಿ ಒಡ್ಡು ಒಡೆದಾಗ ಊರವರು ಕೈಯಿಂದ ಸರಿಪಡಿಸುವಂತಿರಲಿಲ್ಲ. ಆಮೇಲೆ ಬಂದದ್ದು ಸಿಗಡಿ ಕೃಷಿಯ ಭರಾಟೆ. ಮೊಟ್ಟೆಕೇಂದ್ರಗಳಿಂದ ತಂದ ಮರಿ, ಹೊರಗಿನ ಆಹಾರ, ಒತ್ತೊತ್ತಾಗಿ ಸಾಕಣೆ. 1990ರ ದಶಕದ ನಡುವಿನ ಹೊತ್ತಿಗೆ ಬಿಳಿಚುಕ್ಕೆ ರೋಗ ಬಂದು ಹೊಂಡಗಳು ನೆಲಕಚ್ಚಿದವು. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ವಾಣಿಜ್ಯ ಸಿಗಡಿ ಹೊಂಡಗಳ ವಿರುದ್ಧ ತೀರ್ಪಿತ್ತಿತು. ಸಿಗಡಿಯ ದುಡ್ಡಿನ ಆಸೆಗೆ ಕಗ್ಗ ಬಿಟ್ಟವರಿಗೆ ಬೀಜವೂ ಕೈತಪ್ಪಿತ್ತು. ಮಾಣಿಕಟ್ಟದಂಥ ಕೆಲವೇ ಊರುಗಳು ತಳಿಯನ್ನು ಉಳಿಸಿಕೊಂಡಿವೆ.

ಗಜನಿ ನೆಲವಿದ್ದವರ ಸಂಗತಿಯಾದರೆ, ಬಳಚು ನೆಲವಿಲ್ಲದವರ ಪಾಲು. ಎರಡು ಚಿಪ್ಪುಗಳ ನಡುವೆ ಮೆತ್ತನೆಯ ಮೈಯಿರುವ ಈ ಜೀವಿ ಅಳಿವೆಯ ಮರಳುಗೆಸರಿನಲ್ಲಿ ಹೂತುಕೊಂಡು, ನೀರನ್ನು ಸೋಸಿ ಅದರಲ್ಲಿರುವ ಸೂಕ್ಷ್ಮ ಆಹಾರವನ್ನು ತಿಂದು ಬೆಳೆಯುತ್ತದೆ. ಇಳಿತದಲ್ಲಿ ನೀರು ಮೊಣಕಾಲಿಗೋ ಸೊಂಟಕ್ಕೋ ಇಳಿದಾಗ ಗಂಡಸರು, ಹೆಂಗಸರು ಒಟ್ಟಾಗಿ ಇಳಿದು, ಕಾಲಿನಿಂದ ತಡವಿ ಕೈಯಿಂದ ಹೆಕ್ಕಿ, ದೋಣಿಗೋ ತೇಲುವ ಪಾತ್ರೆಗೋ ತುಂಬಿಕೊಳ್ಳುತ್ತಾರೆ. ಇದಕ್ಕೆ ಬಂಡವಾಳ ಬೇಡ. ಭರತ–ಇಳಿತದ ಗಣಿತ ಗೊತ್ತಿದ್ದರೆ ಸಾಕು. ಕರಿಚಿಪ್ಪಿನದು ಉಪ್ಪು ಕಡಿಮೆಯಿರುವ ಮೇಲ್ಭಾಗದಲ್ಲಿ, ಇತರ ಬಗೆಗಳು ಬಾಯಿಯ ಹತ್ತಿರ ಹೆಚ್ಚು. ಉಪ್ಪು–ಸಿಹಿಯ ಅನುಪಾತ ಬದಲಾದರೆ ಅವುಗಳ ಜಾಗವೂ ಬದಲಾಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಈ ಶತಮಾನದ ಮೊದಲ ದಶಕದಲ್ಲಿ ಹಾಕಿದ ಅಂದಾಜಿನಂತೆ ಅಳಿವೆಯಿಂದ ವರ್ಷಕ್ಕೆ ಸುಮಾರು 22,000 ಟನ್ ಬಳಚು ತೆಗೆಯಲಾಗುತ್ತಿತ್ತು, ಮತ್ತು 2,000ಕ್ಕೂ ಹೆಚ್ಚು ಮಂದಿಗೆ ಅದರಿಂದ ನೇರ ದುಡಿಮೆಯಿತ್ತು. ಅಣೆಕಟ್ಟಿನ ಲಾಭ–ನಷ್ಟದ ತಖ್ತೆಯಲ್ಲಿ ಈ ಬಾಬ್ತಿಗೆ ಕಾಲಮ್ಮೇ ಇರುವುದಿಲ್ಲ. ಸತ್ತ ಬಳಚಿನ ಚಿಪ್ಪನ್ನು ಸುಣ್ಣಕ್ಕಾಗಿ ತಳದಿಂದ ಬಗೆದು ತೆಗೆಯುವುದು, ಎಳೆಯ ಬಳಚನ್ನೂ ಬಿಡದೆ ಹೆಕ್ಕುವುದು ಒಳಗಿನ ಕಂಟಕಗಳು. ದೂರು ಹೊರಗಿನವರ ಮೇಲೆ ಮಾತ್ರ ಹಾಕುವಂತಿಲ್ಲ.

ಉಪ್ಪುನೀರಿಗೆ ಇನ್ನೊಂದು ಕೆಲಸವೂ ಇದೆ. ಗೋಕರ್ಣದ ಸಮೀಪದ ಸಾಣಿಕಟ್ಟಾದಲ್ಲಿ ಅಳಿವೆಯ ನೀರನ್ನು ಬೇಸಗೆಯಲ್ಲಿ ಪಾತಿಗಳಿಗೆ ಹಾಯಿಸಿ ಬಿಸಿಲಿಗೆ ಒಣಗಿಸಿ ಉಪ್ಪು ತೆಗೆಯುತ್ತಾರೆ. ಕಂದು ಛಾಯೆಯ ಆ ಉಪ್ಪಿಗೆ ಘಟ್ಟದ ಮೇಲೂ ಉಪ್ಪಿನಕಾಯಿ ಹಾಕುವವರಲ್ಲಿ ಮರ್ಯಾದೆಯಿದೆ. ದಡಗಳಲ್ಲಿ ಕಾಂಡ್ಲಾ ಗಿಡಗಳು, ಅಂದರೆ ಉಪ್ಪುನೀರಿನಲ್ಲಿ ಬೇರೂರುವ ಮ್ಯಾಂಗ್ರೋವ್‌ಗಳು, ಒಡ್ಡನ್ನು ಅಲೆಯಿಂದ ಕಾಯುತ್ತವೆ, ಮೀನಿನ ಮರಿಗಳಿಗೆ ಅವುಗಳ ಬೇರುಗಳೇ ಬಾಲವಾಡಿ. ಅಳಿವೆಯಿಂದ ಮೇಲಕ್ಕೆ ಹೋದರೆ ಮರಾಕಲ್‌ನಿಂದ ಕುಮಟಾ, ಹೊನ್ನಾವರ ಪೇಟೆಗಳಿಗೆ ಕುಡಿಯುವ ನೀರು ಹೋಗುತ್ತದೆ. ಮೇಲಿನಿಂದ ಬರುವ ಹರಿವು ಬೇಸಗೆಯಲ್ಲಿ ಕುಗ್ಗಿದಷ್ಟೂ ಉಪ್ಪು ಮೇಲೇರುತ್ತದೆಂಬ ಲೆಕ್ಕ ಆ ಎರಡು ಪೇಟೆಗಳ ಕೊಳಾಯಿಗೂ ಅನ್ವಯಿಸುತ್ತದೆ.

ಅಘನಾಶಿನಿ ಹೀಗೆ ಉಳಿದಿರುವುದು ಯಾರ ಕಣ್ಣಿಗೂ ಬೀಳದೆ ಅಲ್ಲ. ಅದರ ಮೇಲೆ ಜಲವಿದ್ಯುತ್ ಯೋಜನೆಯ ನಕಾಶೆ ಹಿಂದೆಯೇ ತಯಾರಾಗಿತ್ತು. ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಪ್ರಸ್ತಾಪ ಬಂದು, ಊರವರ ವಿರೋಧದ ನಡುವೆ ಕೈಬಿಟ್ಟುಹೋಯಿತು. ದೊಡ್ಡ ಬಂದರಿನ ಮಾತೂ ಬಂತು. ಈಗ ನದಿಜೋಡಣೆಯ ಸರದಿ: ಅಘನಾಶಿನಿಯ ನೀರನ್ನು ಘಟ್ಟದ ಮೇಲೆಯೇ ತಡೆದು ಪೂರ್ವದ ಬಯಲುಸೀಮೆಗೆ ತಿರುಗಿಸುವ ಪ್ರಸ್ತಾಪಗಳು ಚರ್ಚೆಯಲ್ಲಿವೆ. ಬಯಲುಸೀಮೆಯ ಬಾಯಾರಿಕೆ ಸುಳ್ಳಲ್ಲ. ಆದರೆ ಮುಂಗಾರಿನ ಕೆಲವು ದಿನಗಳ ಪ್ರವಾಹವನ್ನು ನೋಡಿ ‘ಹೆಚ್ಚುವರಿ’ ಎಂದು ಗುರುತಿಸುವ ನೀರೇ ಗಜನಿಯ ಉಪ್ಪನ್ನು ತೊಳೆಯುವ ನೀರು, ಕಗ್ಗಕ್ಕೆ ಗೋಡು ತರುವ ನೀರು, ಅಳಿವೆಯ ಬಾಯಿಯ ಮರಳದಿಣ್ಣೆಯನ್ನು ಒಡೆದು ತೆರೆದಿಡುವ ನೀರು. ಅದನ್ನು ಹೆಚ್ಚುವರಿಯೆನ್ನಬೇಕಾದರೆ ಈ ಕೆಲಸಗಳನ್ನೂ ಹೆಚ್ಚುವರಿಯೆನ್ನಬೇಕಾಗುತ್ತದೆ.

2024ರ ಜನವರಿ 31ರಂದು ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ವಿಜಯನಗರ ಜಿಲ್ಲೆಯ ಅಂಕಸಮುದ್ರದೊಡನೆ ರಾಮ್ಸಾರ್ ಪಟ್ಟಿಗೆ ಸೇರಿತು. ಇರಾನಿನ ರಾಮ್ಸಾರ್ ಪಟ್ಟಣದಲ್ಲಿ 1971ರಲ್ಲಿ ಸಹಿಯಾದ ಒಪ್ಪಂದದಂತೆ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳನ್ನು ಗುರುತಿಸುವ ಪಟ್ಟಿ ಅದು. ಕರ್ನಾಟಕದಿಂದ ಅದಕ್ಕೂ ಮೊದಲು ಸೇರಿದ್ದು ರಂಗನತಿಟ್ಟು ಒಂದೇ. ಪಟ್ಟಿಯಲ್ಲಿ ಅಘನಾಶಿನಿಯ ಹೆಸರಿನ ಮುಂದೆ ಇರುವ ವಿಸ್ತೀರ್ಣ 4,801 ಹೆಕ್ಟೇರ್. ತದಡಿಯ ಬಳಚಿನ ದಿಣ್ಣೆಗಳು, ಕಾಂಡ್ಲಾ ಸಾಲುಗಳು ಆ ಗಡಿಯೊಳಗಿನವು. ಉಂಚಳ್ಳಿಯ ಕಾನೂ ಶಿರಸಿ ಪೇಟೆಯ ಶಂಕರಹೊಂಡವೂ ಅದರ ಹೊರಗಿವೆ.